ಒಂದೇ ಸೀಟಿಗೆ ಸತ್ತ ಜಿಂಕೆಗಳು

ಆಟದ ಮೇಷ್ಟ್ರು ಅರ್ಧ ಗಂಟೆಯಲ್ಲಿ ಸಾವಿರ ಜಿಂಕೆ ಸಾಕಿ, ಅಷ್ಟನ್ನೂ ಒಂದೇ ಸೀಟಿಗೆ ಕೊಂದು, ಗಂಟೆ ಹೊಡೆಯುವುದರೊಳಗೆ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಅವರೇ ಹೇಳಿದ ಲೆಕ್ಕವಿದು. ಒಂದು ಜಿಂಕೆಯೂ ಹೆಚ್ಚಿಲ್ಲ. ಸಂಜೆ ಅಕ್ಕನ ಮನೆಗೆ ಬಂದವರು ಶೂ ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲೇ ಶುರು ಹಚ್ಚಿಕೊಂಡಿದ್ದರು.

"ಸಾವಿರಾನಾ? ನಿಮ್ಮ ಮೈದಾನದಲ್ಲಿ ನೂರು ಕೋಳಿ ಹಿಡಿಸಲ್ಲ," ಎಂದಳು ಅಕ್ಕ, ಈರುಳ್ಳಿ ಹೆಚ್ಚುತ್ತಾ.

"ಮಧ್ಯೆ ಬಾಯಿ ಹಾಕ್ಬೇಡ ಕಣಕ್ಕ, ಕೇಳು."

ಹೆಡ್‌ಮೇಡಂ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದರು: "ಈ ಓಟದಲ್ಲಿ ಪಾಠ ಎಲ್ಲಿದೆ ತೋರ್ಸಿ. ಇಲ್ಲಾಂದ್ರೆ ಶುಕ್ರವಾರದ ಆಟದ ಪೀರಿಯಡ್ ಗಣಿತಕ್ಕೆ." ಮೇಷ್ಟ್ರಿಗೆ ಆ ಪೀರಿಯಡ್ಡೆಂದರೆ ಪ್ರಾಣ.

ಆಟ ಸುಲಭ. ಒಂದು ಸಾಲು ಜಿಂಕೆ, ಎದುರು ಸಾಲು ಕಾಡು. ಬೆನ್ನು ತಿರುಗಿಸಿ ನಿಂತು ಎರಡೂ ಸಾಲಿನ ಪ್ರತಿಯೊಬ್ಬರೂ ಕೈಯಲ್ಲಿ ಒಂದೊಂದು ಗುರುತು ಮಾಡಬೇಕು: ಹೊಟ್ಟೆಯ ಮೇಲೆ ಕೈಯಿಟ್ಟರೆ ಎಲೆ, ಬಾಯಿಗಿಟ್ಟರೆ ನೀರು, ತಲೆಯ ಮೇಲಿಟ್ಟರೆ ನೆರಳು. ಸೀಟಿ ಊದಿದೊಡನೆ ತಿರುಗಿ, ಜಿಂಕೆ ತನಗೆ ಬೇಕಾದ ಅದೇ ಗುರುತಿನ ಕಾಡಿನವನತ್ತ ಓಡಬೇಕು. ಸಿಕ್ಕಿದರೆ ಆ ಕಾಡಿನವನೂ ಜಿಂಕೆಯಾಗುತ್ತಾನೆ. ಸಿಗದಿದ್ದರೆ ಜಿಂಕೆ ಸತ್ತು ಕಾಡು ಸೇರುತ್ತದೆ.

"ಮೂರು ಸುತ್ತಿಗೆ ಹಿಂಡು ಹೆಚ್ಚಿ ಹೆಚ್ಚಿ ಪಕ್ಕದ ಬೀದಿ ಕಿಟಕಿಗಳೆಲ್ಲ ಅದುರಿದ್ವು! ನಾಲ್ಕನೇ ಸುತ್ತಿಗೆ ಮೇಡಂ ಬಂದು ನಿಂತ್ರು. ಆಗ ಹೂಡಿದೆ ನೋಡು ಉಪಾಯ! ಅಷ್ಟೂ ಜಿಂಕೆಗೆ ನೆರಳೇ ಬೇಕಾಗೋ ಹಾಗೆ ಮಾಡಿದೆ. ಎಲ್ಲಾ ಫಟ್!"

"ಉಪಾಯ ಅಲ್ಲ ಮಾಮ," ಎಂದಳು ನಡುಮನೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಅಕ್ಕನ ಮಗಳು. ಅವಳೂ ಆ ತರಗತಿಯವಳೇ. "ಮೇಡಂ ಬಂದ್ರು ಅಂತ ನೀವು ಗಾಬರಿಯಾಗಿ, ಡ್ರಿಲ್ ಥರ, 'ಜಿಂಕೆ ಸಾಲು, ನೇರ ನಿಲ್ಲಿ! ಕೈ ತಲೆ ಮೇಲೆ!' ಅಂತ ಕಿರುಚಿ ಸೀಟಿ ಊದಿಬಿಟ್ರಿ."

ಅಕ್ಕನ ಚಾಕು ನಿಂತಿತು. "ಏನಪ್ಪಾ ಕಾಡಿನ ರಾಜ?"

ಮೇಷ್ಟ್ರು ಮಣೆ ಎಳೆದುಕೊಂಡು ಕುಳಿತರು. ದನಿ ಇಳಿಯಿತು.

"ಇಪ್ಪತ್ತೆರಡೇ ಜಿಂಕೆ ಕಣಕ್ಕ. ಇಪ್ಪತ್ತೊಂದು ಸತ್ವು. ಡ್ರಿಲ್ ಮಾಡ್ಸೋ ಅಭ್ಯಾಸಬಲ. 'ಯಾಕೆ ಸತ್ವು?' ಅಂತ ಮೇಡಂ ಕೇಳಿದ್ರು. ನಿನ್ನ ಮಗಳು ಮುಂದೆ ಬಂದು, 'ಕಾಡಲ್ಲಿ ಎಲೆ ಬೇಕಾದಷ್ಟಿತ್ತು ಮೇಡಂ, ನೀರೂ ಇತ್ತು. ನೆರಳು ಮಾತ್ರ ಒಬ್ಬರಿಗಾಗೋಷ್ಟು. ಮೂರರಲ್ಲಿ ಒಂದು ಕಮ್ಮಿಯಾದ್ರೂ ಬದುಕಕ್ಕಾಗಲ್ಲ' ಅಂದ್ಲು. ಮೇಡಂ ತಲೆಯಾಡಿಸಿ, 'ಶುಕ್ರವಾರ ನಿಮ್ಗೇ ಇರ್ಲಿ' ಅಂದ್ರು. ಪೀರಿಯಡ್ ಉಳಿಸಿದ್ದು ಇವಳು. ನಾನು ಸೀಟಿ ಬಾಯಲ್ಲಿಟ್ಕೊಂಡು ನಿಂತಿದ್ದೆ ಅಷ್ಟೇ. ಎದೆ ಎಷ್ಟು ಉಬ್ಬಿತ್ತು ಅಂದ್ರೆ, ಊದೋಕೆ ಉಸಿರೇ ಬರ್ಲಿಲ್ಲ. ಇದೊಂದು ಮಾತ್ರ ಸುಳ್ಳಲ್ಲ ಕಣಕ್ಕ."