ಎಮ್ಮೆಯ ಹೊಟ್ಟೆಯ ಮೀನು

ಎಮ್ಮೆಯ ಹಿಂಗಾಲು ಗಂಗಪ್ಪನ ಕೈಗೇ ಕಿತ್ತು ಬಂತು. ಹಗ್ಗ ಸುತ್ತಲೆಂದು ಮೊಣಕಾಲ ಹತ್ತಿರ ಹಿಡಿದು ಜಗ್ಗಿದ್ದನಷ್ಟೇ. ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಚರ್ಮ ಸುಲಿದು, ಕೀಲು ಕಳಚಿ, ಗೊರಸಿನ ಸಮೇತ ಕಾಲು ಅವನ ಎದೆಗೆ ಬಂದು ಬಡಿಯಿತು. ಸೊಂಟಮಟ್ಟ ನೀರಿನಲ್ಲಿ ನಿಂತಿದ್ದವನು ಅದನ್ನು ಅತ್ತ ಒಗೆದು ಬಾಯಿಗೆ ಕೈ ಅಡ್ಡ ಹಿಡಿದ.

“ಕಾರಿಕೋಬ್ಯಾಡ ಮಾವಾ! ನಾವ ಕುಡಿಯೂ ನೀರದು!” ದಂಡೆಯಿಂದ ದುಂಡವ್ವ ಚೀರಿದಳು. ತಾಯಿಯ ತಮ್ಮನನ್ನೇ ಕಟ್ಟಿಕೊಂಡವಳು ಅವಳು. ಮದುವೆಯಾಗಿ ಮಕ್ಕಳಾದರೂ ಗಂಡನನ್ನು ಮಾವಾ ಎಂದೇ ಕರೆಯುತ್ತಿದ್ದಳು.

“ಕುಡಿಯೂ ನೀರಂತ, ಕುಡಿಯೂ ನೀರು! ಇದನ್ನ ನೋಡಿದ ಮ್ಯಾಲೆ ಯಾವ ಬೋಳಿಮಗ ಕುಡೀತಾನ ಬೇ?”

“ಕಾಲಿಗೆ ಬ್ಯಾಡ ಕಾಕಾ, ಹೊಟ್ಟಿ ಸುತ್ತ ಹಗ್ಗ ಹಾಕು,” ಎಂದ ಬಸಣ್ಣ, ಗಂಗಪ್ಪನ ಅಣ್ಣನ ಮಗ.

ಎಮ್ಮೆ ರುದ್ರಗೌಡನದು. ಕೆರೆಯ ಪಡುವಣ ದಂಡೆಗೆ ಗೌಡರ ಓಣಿಯವರು ನೀರಿಗಿಳಿಯುವ ಕಲ್ಲಿನ ಪಾವಟಿಗೆಗಳಿವೆ. ಅವುಗಳ ಬಾಜೂಕೇ ರಾಡಿಯಲ್ಲಿ ಹೂತು ಮುಳುಗಿ ಎಮ್ಮೆ ಸತ್ತಿತ್ತು. ಸತ್ತ ದಿನವೇ, ಬಂದು ಎಳೆಯಿರಿ ಎಂದು ಗೌಡ ಕೇರಿಗೆ ಹೇಳಿಕಳಿಸಿದ. ಕೇರಿಯವರು ಯಾರೂ ಹೋಗಲಿಲ್ಲ. ಸತ್ತ ದನ ಎಳೆಯುವುದನ್ನೂ ಅದರ ಬಾಡು ತಿನ್ನುವುದನ್ನೂ ಅವರು ಬಿಟ್ಟುಬಿಟ್ಟಿದ್ದರು. ಬಸಣ್ಣ ಧಾರವಾಡದಿಂದ ಬಾಬಾಸಾಹೇಬರ ಫೋಟೋ ತಂದಾಗ, ಹಲ್ಲಿಲ್ಲದ ಮುದುಕಿಯರಿಂದ ಹಿಡಿದು ಎಲ್ಲರೂ ಅದರ ಮುಂದೆ ಆಣೆ ಮಾಡಿದ್ದರು.

“ಬರೂದಿಲ್ಲಂತೇನು? ಬ್ಯಾಡ ಬಿಡು, ಅಲ್ಲೇ ಕೊಳೀಲಿ,” ಎಂದ ಗೌಡ. ಅವನೇನು ದಡ್ಡನೇ? ಮಳೆಗಾಲದ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಬೀಸುತ್ತದೆಂದು ಅವನಿಗೆ ಗೊತ್ತು. ಎಮ್ಮೆ ಉಬ್ಬಿತು, ತೇಲಿತು, ದಿನಕ್ಕಿಷ್ಟು ಸರಿಯುತ್ತ ಮೂಡಣ ದಂಡೆಗೆ, ಕೇರಿಯ ಹೆಂಗಸರು ಕೊಡ ಮುಳುಗಿಸುವ ಜಾಗಕ್ಕೇ ಬಂದು ಹತ್ತಿತು. ಗೌಡರ ಪಾವಟಿಗೆಯ ಕಡೆ ನೀರು ತಿಳಿಯಾಗಿಯೇ ಇತ್ತು. ಕೇರಿಯ ಮಕ್ಕಳಿಗೆ ವಾಂತಿಭೇದಿ ಹತ್ತಿತು. ಅರಿವೆಯಲ್ಲಿ ಸೋಸಿದರೂ ನೀರಿನ ಮೇಲೆ ಎಣ್ಣೆಯ ಹಾಗೆ ಒಂದು ಪೊರೆ ನಿಲ್ಲುತ್ತಿತ್ತು. ಕೊನೆಗೆ ದುಂಡವ್ವನೇ ಹಗ್ಗ ತಂದಳು.

“ಗೌಡನ ಸಲುವಾಗಿ ಅಲ್ಲ, ನಮ್ಮ ನೀರಿನ ಸಲುವಾಗಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಐದಾರು ಮಂದಿ ಸೇರಿ ಜಗ್ಗಿದರು. ಎಮ್ಮೆಯ ಮೈ ನೀರು ಬಿಟ್ಟು ದಂಡೆಯ ಕಲ್ಲಿಗೆ ತಾಗಿತು, ಹೊಟ್ಟೆ ಡಬ್ಬೆಂದು ಒಡೆಯಿತು. ಆ ನಾತವನ್ನು ಏನೆಂದು ಹೇಳುವುದು! ಹಗ್ಗ ಹಿಡಿದವರೆಲ್ಲ ದಿಕ್ಕಾಪಾಲಾಗಿ ಓಡಿದರು. ತಿರುಗಿ ನೋಡಿದರೆ ಕರುಳಿನ ರಾಶಿ ತಾನಾಗಿ ಮಿಸುಕಾಡುತ್ತಿತ್ತು.

ಮೀನು! ಎಮ್ಮೆಯ ಹಿಂಭಾಗವನ್ನು ಕೊರೆದು ಒಳಗೆ ಹೊಕ್ಕು, ತಿಂದು ತಿಂದು ಕೊಬ್ಬಿದ ಮೀನುಗಳು. ಮೀಸೆಯ ಚೇಳುಮೀನುಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು. ಅವುಗಳ ನಡುವೆ ಮೊಳಕ್ಕಿಂತ ಉದ್ದದ ಒಂದು ಬಾಳೆಮೀನು, ಬಾಯಲ್ಲಿ ಇನ್ನೂ ಕರುಳಿನ ತುಂಡು.

ಗಂಗಪ್ಪ ಮಾತ್ರ ಮೂಗು ಮುಚ್ಚಿಕೊಂಡೇ ಹತ್ತಿರ ಬಂದ. ಮನೆಯಲ್ಲಿ ಒಲೆ ಹತ್ತದೇ ಎರಡು ಹೊತ್ತಾಗಿತ್ತು. “ಎಷ್ಟಕೊಂದ ಅದಾವ ನೋಡ ಬೇ. ಬೂದಿ ಹಚ್ಚಿ ತಿಕ್ಕಿ ತೊಳದ್ರ ಏನಾಗತೈತಿ? ಖಾರ ಜಡದು ಕುದಿಸಿದ್ರ...”

“ಥೂ ನಿನ್ನ! ಸತ್ತ ದನಾ ತಿನ್ನೂದು ಬಿಟ್ಟೀವಿ, ಸತ್ತ ದನಾ ತಿಂದ ಮೀನ ತಿಂತೀಯೇನು? ನಾಚಿಕಿಲ್ಲ ನಿನ್ನ ಹೊಟ್ಟಿಗೆ? ಮತ್ತ ತತ್ತಿ ತುಂಬ್ಯಾವ ನೋಡು. ಈ ತಿಂಗಳದಾಗ ಹಿಡೀಬಾರದಂತ ಡಂಗುರಾ ಸಾರ್ಯಾರ. ಒಗಿ ನೀರಿಗೆ!”

ಹೇಳಿದವಳು ಅಷ್ಟಕ್ಕೇ ನಿಲ್ಲಲಿಲ್ಲ. ಸೀರೆ ಎತ್ತಿ ಕಟ್ಟಿ, ಆ ಹೊಲಸಿನಲ್ಲಿ ಕೈ ಹಾಕಿ, ಒಂದೊಂದೇ ಮೀನನ್ನು ಹಿಡಿದು ಕೆರೆಗೆ ಬಿಡತೊಡಗಿದಳು. ಚೇಳುಮೀನೊಂದು ಮುಳ್ಳು ಚುಚ್ಚಿತು, ಕೈ ಧಗಧಗ ಉರಿಯಿತು. ಬೈದುಕೊಳ್ಳುತ್ತಲೇ ಅದನ್ನೂ ಬಿಟ್ಟಳು. ದೊಡ್ಡ ಬಾಳೆಮೀನನ್ನು ಎರಡೂ ಕೈಯಲ್ಲಿ ಅಪ್ಪಿ ಎತ್ತಿಕೊಂಡಿದ್ದಾಗಲೇ ಒಡ್ಡಿನ ಮೇಲಿಂದ ದನಿ ಬಂತು.

“ಸಿಕ್ರಿ ಮಕ್ಕಳ್ರಾ!”

ಮೀನು ಕಾಯಲು ಗೌಡ ಇಟ್ಟ ತಿರಕಪ್ಪ. ಕೆರೆಯ ಮೀನಿನ ಗುತ್ತಿಗೆ ಕಾಗದದಲ್ಲಿ ಯಾರದೋ ಹೆಸರಿನಲ್ಲಿತ್ತು, ತಿನ್ನುವವನು ಮಾತ್ರ ಗೌಡ. ಮೀನನ್ನಲ್ಲ, ರೊಕ್ಕವನ್ನು. ಮೀನಿನ ಹೆಸರೆತ್ತಿದರೆ ಅವನಿಗೆ ಮೈಲಿಗೆ, ಮೀನಿನ ರೊಕ್ಕಕ್ಕೆ ವಿಭೂತಿ ಹಚ್ಚಿ ಪೆಟ್ಟಿಗೆಯಲ್ಲಿಡುತ್ತಿದ್ದ.

“ಹಿಡಿದಿಲ್ಲೋ ಭಾಡ್ಯಾ, ಬಿಡಾಕತ್ತೀನಿ! ಕಣ್ಣ ಕಾಣವಲ್ವೇನು?”

“ಎದಿಗೆ ಅವುಚಿಕೊಂಡು ನಿಂತೀ, ಹಿಡಿದಿಲ್ಲಂತೀ. ಇರು, ಸಾಹೇಬ್ರು ಗೌಡ್ರ ಮನ್ಯಾಗ ಅದಾರ, ಕರಕೊಂಡ ಬರತೀನಿ.” ಅವನು ಅವಳ ಕೈಯಿಂದ ಮೀನು ಕಸಿದುಕೊಂಡೇ ಓಡಿದ.

ಮೀನಿನ ಇಲಾಖೆಯ ಸಾಹೇಬ ಮೈಸೂರು ಕಡೆಯವನು. ಜೀಪು ಇಳಿದವನೇ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ. ಹಿಂದೆ ಗೌಡ, ಧೋತರದ ಚುಂಗು ಎತ್ತಿ ಹಿಡಿದು, ಎಮ್ಮೆಯಿಂದ ದೂರ. ತನ್ನದೇ ಎಮ್ಮೆ, ನೋಡಿದರೂ ನೋಡದವನಂತೆ ನಿಂತ.

ಸಾಹೇಬ ತಿರಕಪ್ಪನ ಕೈಯಲ್ಲಿದ್ದ ಬಾಳೆಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದ. ಹಳದಿ ತತ್ತಿ ಪಿಚಕ್ಕನೆ ಹೊರಬಂದು ನೆಲಕ್ಕೆ ಸುರಿಯಿತು. “ನೋಡ್ರಿ, ಬಸುರಿ! ಬಸುರಿನ ಹಿಡಿದಿದ್ದೀರಲ್ಲ, ನಿಮ್ಮನೇಲಿ ಹೆಣ್ಣುಮಕ್ಕಳಿಲ್ವಾ?” ಎಂದು ಇನ್ನೊಮ್ಮೆ ಒತ್ತಿದ. ಮತ್ತಷ್ಟು ತತ್ತಿ ಬಿತ್ತು. ಮೀನು ಬಾಯಿ ತೆರೆದು ಮುಚ್ಚಿತು.

ದುಂಡವ್ವನಿಗೆ ಸಹಿಸಲಾಗಲಿಲ್ಲ. “ಸಾಹೇಬ್ರ, ಅದಕ್ಕ ಇನ್ನೂ ಜೀವ ಐತ್ರಿ. ಮೊದಲ ನೀರಿಗೆ ಬಿಡ್ರಿ, ಆಮ್ಯಾಲೆ ಎಷ್ಟರ ಬೈರಿ.”

“ಬಿಡೋಕಾಗಲ್ಲ. ಇದು ಸಾಕ್ಷಿ.” ಬುಟ್ಟಿಗೆ ಹಾಕಿಸಿದ. ಸಾಕ್ಷಿ ಬುಟ್ಟಿಯಲ್ಲಿ ಬಡಬಡ ಬಡಿದುಕೊಂಡು ತಣ್ಣಗಾಯಿತು.

“ನಾವ ಹಿಡಿದಿಲ್ರಿ ಸರ,” ಬಸಣ್ಣ ಮುಂದೆ ಬಂದ. “ಎಮ್ಮಿ ಎಳದ್ವಿ, ಹೊಟ್ಟಿ ಒಡದು ಬಿದ್ದಾವು. ಎಮ್ಮಿ ಯಾರದಂತ ಕೇಳ್ರಿ ಮೊದಲ.”

ಸಾಹೇಬ ಕೇಳಲಿಲ್ಲ. ಗೌಡರ ಮನೆಯ ಹೋಳಿಗೆಯ ವಾಸನೆ ಆಗಲೇ ಅವನ ಮೂಗಿಗೆ ಬಡಿದಿತ್ತು. “ಸತ್ತ ಪ್ರಾಣೀನ ನೀರಲ್ಲಿಟ್ಟು ಮೀನು ಹಿಡಿಯೋದು ಇನ್ನೂ ದೊಡ್ಡ ತಪ್ಪು ಕಣಯ್ಯ. ಹೋಗ್ಲಿ, ಅಕಸ್ಮಾತ್ ಸಿಕ್ತು ಅಂತಾನೇ ಇಟ್ಕೊಳ್ಳೋಣ. ಕಾನೂನು ಏನು ಹೇಳುತ್ತೆ? ಸಿಕ್ಕಿದ್ದನ್ನ ಸಿಕ್ಕ ಹಾಗೇ, ಎಲ್ಲಿತ್ತೋ ಅಲ್ಲಿಗೇ ವಾಪಸ್ ಬಿಡಬೇಕು. ದಡಕ್ಕೆ ಎಳೆದು ಹಾಕ್ಕೊಂಡು ಕೂತಿದ್ದೀರಿ ನೀವು.” ಗಂಗಪ್ಪನ ಕಡೆ ಬೆರಳು ಮಾಡಿದ. “ನೀನು ಹತ್ತು ಜೀಪು.”

ಗಂಗಪ್ಪ ಹತ್ತಿದ. ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಲು ಹೋದವನನ್ನು ಡ್ರೈವರ್ ಬೈದು ಕೆಳಗೆ, ಮೀನಿನ ಬುಟ್ಟಿಯ ಪಕ್ಕ ಕೂರಿಸಿದ.

ಆಗ ಗೌಡ ಬಾಯಿ ಬಿಟ್ಟ. ದನಿ ಬೆಣ್ಣೆ. “ದುಂಡವ್ವಾ, ಕೇಸ ಗೀಸ ಏನೂ ಆಗೂದಿಲ್ಲ, ನಾ ಸಾಹೇಬ್ರಿಗೆ ಹೇಳತೀನಿ. ನೀವು ಕೇರಿ ಮಂದಿ ಎಲ್ಲಾ ನನ್ನ ಮನಿ ಮುಂದಿನ ಕಟ್ಟಿಗೆ ಬರ್ರಿ. ಇನ್ನ ಮುಂದ ಊರಾಗ ದನಾ ಸತ್ರ ಮೊದಲಿನಂಗ ನಾವ ಎಳೀತೀವ್ರಿ ಅನ್ರಿ. ಫೋಟೋದ ಮುಂದ ಬಾಯಿ ಬಿಚ್ಚಿದ್ರಲ್ಲ, ನನ್ನ ಮುಂದನೂ ಬಿಚ್ರಿ. ನಮ್ಮ ಊಟ ಆಗೂದರಾಗ ಬಂದ್ರ ಗಂಗ್ಯಾ ಮನಿಗೆ ಬರತಾನ. ಇಲ್ಲಂದ್ರ ಕಲಘಟಗಿ ಜೇಲಿಗೆ.”

“ಹೂಂ ಅಂದಬಿಡ ದುಂಡಿ,” ಜೀಪಿನೊಳಗಿಂದ ಗಂಗಪ್ಪ ಅಂಗಲಾಚಿದ. “ನಂಗ ಜೇಲ ಬ್ಯಾಡ. ಮೊದಲೂ ಎಳೀತಿದ್ದಿವಲ್ಲ ಬೇ.”

ಜೀಪು ಒಡ್ಡಿನ ಮೇಲೆ ಹೋಗಿ ಗೌಡರ ಪಾವಟಿಗೆಯ ಬಳಿ ಆಲದ ನೆರಳಲ್ಲಿ ನಿಂತಿತು. ಸಾಹೇಬರು, ಗೌಡರು ಊಟಕ್ಕೆ ನಡೆದರು.

ದುಂಡವ್ವ ಎಮ್ಮೆಯ ಎದುರಿಗೇ ಕುಕ್ಕರಿಸಿದಳು. ನಾತಕ್ಕೆ ಮೂಗು ಸತ್ತೇ ಹೋಗಿತ್ತು. ಅವಳಿಗೆ ವಾಕರಿಕೆ ಬರುತ್ತಿದ್ದುದು ಎಮ್ಮೆಯಿಂದಲ್ಲ. ಆ ಹೆಬ್ಬೆರಳಿನಿಂದ, ಗೌಡನ ಬೆಣ್ಣೆಯಂಥ ದನಿಯಿಂದ, “ಮೊದಲೂ ಎಳೀತಿದ್ದಿವಲ್ಲ” ಎಂದ ಗಂಡನಿಂದ. ಹೂಂ ಎಂದರೆ ಮಾವ ರಾತ್ರಿ ಮನೆಯಲ್ಲಿರುತ್ತಾನೆ. ನಾಳೆ ಯಾರದೋ ಹೋರಿ ಸಾಯುತ್ತದೆ. ಅವಳ ಮಗನ ಕೈಗೆ ಹಗ್ಗ ಬರುತ್ತದೆ.

“ಏನ್ಮಾಡೂಣು ಚಿಗವ್ವಾ?” ಎಂದ ಬಸಣ್ಣ.

“ಸಾಹೇಬ ಏನಂದ?”

“ಕೇಸ ಅಂದ.”

“ಅದಲ್ಲೋ. ಸಿಕ್ಕದ್ದು ಎಲ್ಲಿತ್ತೋ ಅಲ್ಲಿಗೆ ತಿರುಗಿ ಬಿಡಬೇಕಂದನಿಲ್ಲೋ? ನಮಗ ಸಿಕ್ಕದ್ದೇನು, ಈ ಎಮ್ಮಿ. ಎಲ್ಲಿತ್ತಿದು?”

ಬಸಣ್ಣ ಪಾವಟಿಗೆಯ ಕಡೆ ನೋಡಿದ, ಅವಳ ಮುಖ ನೋಡಿದ. “ಸುಮ್ನಿರು ಚಿಗವ್ವಾ. ನೀರ ಎಲ್ಲಾರದೂ. ನಮ್ಮ ಹುಡುಗರೂ ಕುಡೀಬೇಕು.”

“ಇಷ್ಟ ದಿನ ನಮ್ಮ ಹುಡುಗ್ರು ಏನ ಕುಡದ್ವು? ಹಳ್ಳದ ದಂಡ್ಯಾಗ ವರ್ತಿ ಕುಣಿ ತೋಡೂಣು, ರಾಡಿ ನೀರರ ಬರತಾವು.”

“ಸತ್ತ ದನಾ ಎಳ್ಯಾಂಗಿಲ್ಲಂತ ಆಣಿ ಮಾಡೇವಿ.”

“ಗೌಡ್ಗ ಎಳ್ಯಾಂಗಿಲ್ಲಂತ ಮಾಡೇವಿ. ಇದು ನಾ ಎಳ್ಯಾಕತ್ತೀನಿ, ನನ್ನ ಸಲುವಾಗಿ. ಹಿಡೀ ಹಗ್ಗಾ.”

ಬಸಣ್ಣ ಹಗ್ಗ ಹಿಡಿದ, ಓಡಿದ್ದವರೂ ಬಂದು ಕೂಡಿದರು. ಎಮ್ಮೆಯನ್ನು ನೀರಿಗೆ ದೂಡಿ, ಒಡ್ಡಿನ ಅಂಚು ಹಿಡಿದು, ಗಾಳಿಗೆ ಎದುರಾಗಿ ಜಗ್ಗುತ್ತ ನಡೆದರು. ಸುರಿದಿದ್ದ ಕರುಳನ್ನೂ ಅವಳು ಅಲ್ಲಿ ಬಿಡಲಿಲ್ಲ. ಸಿಕ್ಕ ಹಾಗೇ ಬಿಡಬೇಕಲ್ಲ! ಇನ್ನೊಂದು ಬುಟ್ಟಿಯಲ್ಲಿ ತುಂಬಿದಳು, ಕಿತ್ತು ಬಂದ ಕಾಲನ್ನು ಅದರ ಮೇಲಿಟ್ಟಳು, ತಲೆಯ ಮೇಲೆ ಹೊತ್ತಳು. ಬುಟ್ಟಿಯಿಂದ ಜಿನುಗಿದ್ದು ಕೆನ್ನೆಯ ಮೇಲಿಳಿಯಿತು. ಒರೆಸಿಕೊಳ್ಳಲಿಲ್ಲ.

ಆ ಪಾವಟಿಗೆಯ ಮೇಲೆ ಕೇರಿಯವರ ಕಾಲು ಎಂದೂ ಬಿದ್ದಿರಲಿಲ್ಲ. ದುಂಡವ್ವ ದಡಬಡ ಇಳಿದಳು. ನೀರು ತುಂಬುತ್ತಿದ್ದ ಓಣಿಯ ಹೆಂಗಸರು “ಅಯ್ಯ ಶಿವನ!” ಎಂದು ಕೊಡ ಅಲ್ಲೇ ಚೆಲ್ಲಿ ಓಡಿದರು. ಬುಟ್ಟಿಯನ್ನು ಕೊನೆಯ ಮೆಟ್ಟಿಲಿನಲ್ಲಿ ಬೋರಲು ಹಾಕಿದಳು. ಎಮ್ಮೆ ಗಾಳಿಗೆ ತಿರುಗಿ ಹೋಗದಂತೆ ಹಗ್ಗವನ್ನು ಬಾಜೂಕಿನ ಕಲ್ಲುಕಂಬಕ್ಕೆ ಬಿಗಿದಳು. ಉಳಿದ ತುದಿಯನ್ನು ಕೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಳು.

ಗೌಡ ಎಂಜಲು ಕೈಯಲ್ಲೇ ಓಡಿಬಂದ. “ಏನ ಮಾಡಿದೆ ಬೇ ಹಲ್ಕಟ್ ರಂಡೆ! ಬಿಚ್ಚು! ಎಳಕೊಂಡ ಹೋಗದನ್ನ!”

“ಸಾಹೇಬ್ರು ಹೇಳಿದ್ದ ಮಾಡೇನ್ರಿ. ಎಲ್ಲಿತ್ತೋ ಅಲ್ಲಿಗೇ ಬಿಟ್ಟೇನಿ. ಈಗ ಎಳದ್ರ ಮತ್ತ ಮೀನ ಬೀಳತಾವು, ತತ್ತಿ ಮೀನ. ಮತ್ತ ಕೇಸ ಹಾಕತೀರಿ.” ಅವಳು ಕುಳಿತಲ್ಲಿಂದ ಏಳಲಿಲ್ಲ. “ನೀವ ಇಳೀರಿ ಗೌಡ್ರ. ಕೈ ಹಾಕ್ರಿ. ಸಾಹೇಬ್ರು ಇಲ್ಲೇ ಅದಾರ, ನೋಡ್ಲಿ.”

ಸಾಹೇಬ ಹಿಂದೆಯೇ ಬಂದಿದ್ದ. ಕೊನೆಯ ಮೆಟ್ಟಿಲಿನ ಮೇಲೆ ಬಿದ್ದದ್ದನ್ನು ನೋಡಿ, ಆಲದ ಬುಡಕ್ಕೆ ಕೈಕೊಟ್ಟು ಉಂಡ ಹೋಳಿಗೆಯನ್ನೆಲ್ಲ ಕಾರಿಕೊಂಡ.

“ತಿರಕ್ಯಾ! ಇಳಿಯಲೇ! ಬಿಚ್ಚಲೇ ಹಗ್ಗಾ!”

ತಿರಕಪ್ಪ ಎಮ್ಮೆಯನ್ನು ನೋಡಿದ, ಜೀಪಿನ ಬುಟ್ಟಿಯಲ್ಲಿನ ಸಾಕ್ಷಿಯನ್ನು ನೋಡಿದ. “ನಾ ಒಲ್ಲೆರಿ ಗೌಡ್ರ,” ಎಂದು ಎರಡು ಹೆಜ್ಜೆ ಹಿಂದೆ ಸರಿದ.

ಗೌಡನ ದನಿ ಮತ್ತೆ ಬೆಣ್ಣೆಯಾಯಿತು. “ಹೋಗ್ಲಿ ಬಿಡ ದುಂಡವ್ವಾ. ಗಂಗ್ಯಾನ ಈಗಿಂದೀಗ ಇಳಸ್ತೀನಿ. ಕಟ್ಟಿಗೆ ಬರೂದೂ ಬ್ಯಾಡ. ಇದೊಂದ ಎಮ್ಮಿ ಎಳಕೊಂಡ ಹೋಗಿಬಿಡು, ಆತಿಲ್ಲೋ?”

ಅವಳು ತಿರುಗಿ ನೋಡಿದಳು. ಹತ್ತು ಮಾರು ಆಚೆ ಜೀಪಿನಲ್ಲಿ ಗಂಗಪ್ಪನ ತಲೆ ಕಾಣುತ್ತಿತ್ತು. ಇದೊಂದು ಎಮ್ಮೆ. ನಾಳೆ ಅದೊಂದು ಹೋರಿ.

“ನೀವು ಬಿಟ್ರೂ ನಾ ಎಳ್ಯಾಂಗಿಲ್ರಿ.”

ಗೌಡ ನೆಲಕ್ಕೆ ಉಗುಳಿ ಡ್ರೈವರನಿಗೆ ಕೈಮಾಡಿದ. ಸಾಹೇಬ ಬಾಯಿ ಒರೆಸಿಕೊಳ್ಳುತ್ತ ಹತ್ತಿದ. ಜೀಪು ಗುರ್ರೆಂದು ಒಡ್ಡಿನ ಮೇಲೆ ಕಲಘಟಗಿಯ ಕಡೆ ತಿರುಗಿತು. ದುಂಡವ್ವ ಅರ್ಧ ಎದ್ದಳು. ಹಗ್ಗದ ತುದಿ ಕೈಯಿಂದ ಜಾರಿತು.

ಜೀಪಿನ ಹಿಂಬದಿಯಿಂದ ಗಂಗಪ್ಪ ಕತ್ತು ಹೊರಹಾಕಿದ. ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

“ಬಿಚ್ಚಬ್ಯಾಡ ದುಂಡಿ! ಸೂಳಿಮಕ್ಕಳು ಕುಡೀಲಿ!”

ಅವಳು ಮತ್ತೆ ಕುಳಿತು, ಬಿದ್ದಿದ್ದ ತುದಿಯನ್ನು ಎತ್ತಿಕೊಂಡು, ಕಂಬಕ್ಕೆ ಇನ್ನೊಂದು ಗಂಟು ಹಾಕಿದಳು.