ಮಸಿ ಬೀಳದ ರಕ್ಕಸಿ

“ಚುಕ್ಕೆ ಒತ್ತೊತ್ತಾಗಿ ಇಡ್ಬೇಕು ನೋಡು, ಬೋಳಿಮಗನೇ. ಸಿಡುಬಿನ ಮುಖ ಹೆಂಗಿರುತ್ತೆ ಅಂತ ನಿಂಗೆ ಬೇರೆ ಹೇಳ್ಕೊಡ್ಬೇಕಾ? ಮನೇಲೇ ಇಟ್ಕೊಂಡಿದ್ದೀಯಲ್ಲ.”

ಚಿತ್ರಗಾರ ಹಾಳೆಗಳನ್ನು ನನ್ನ ಮೇಜಿನ ಮೇಲೆ ಎಸೆದ. ಕೋಣೆಯಲ್ಲಿದ್ದವರು ನಕ್ಕರು. ನಾನು ತಲೆ ಎತ್ತಲಿಲ್ಲ.

ಮಕ್ಕಳ ಚಿತ್ರಕಥೆ ಪುಸ್ತಕ ಮಾಡುವ ಕಚೇರಿ ಅದು. ಅವನು ಪೆನ್ಸಿಲಿನಲ್ಲಿ ಬರೆಯುತ್ತಿದ್ದ, ನಾನು ಆ ಗೆರೆಗಳ ಮೇಲೆ ಮಸಿ ಎಳೆಯುತ್ತಿದ್ದೆ. ಮಸಿ ಒಣಗಿದ ಮೇಲೆ ಹಾಳೆಯನ್ನೆಲ್ಲ ರಬ್ಬರಿನಿಂದ ಉಜ್ಜಿ ಪೆನ್ಸಿಲ್ ಅಳಿಸುವುದೂ ನನ್ನ ಪಾಲಿನದೇ. ಹತ್ತೊಂಬತ್ತು ವರ್ಷ ಮಾಡಿದೆ. ಪುಸ್ತಕದ ಮೇಲೆ ಹೆಸರು ಅವನದು. ನನ್ನನ್ನು ಮಸಿ ಎಂದು ಕೂಗುತ್ತಿದ್ದರು, ನಾನೂ ಓ ಎನ್ನುತ್ತಿದ್ದೆ.

ಅಲ್ಲಿಗೆ ನನ್ನನ್ನು ಸೇರಿಸಿದವಳು ಅಕ್ಕ. ಅವಳು ಅಲ್ಲಿ ಕಸ ಹೊಡೆದು ನೆಲ ಒರೆಸುತ್ತಿದ್ದಳು. ಅಮ್ಮ ಸತ್ತಾಗ ನನಗೆ ಮೂರು ವರ್ಷ, ಸಾಕಿದವಳು ಇವಳೇ. ಮುಖದ ತುಂಬ ಸಿಡುಬಿನ ಕಲೆ, ಮೇಲಿನ ಒಂದು ಹಲ್ಲು ತುಟಿ ದಾಟಿ ಹೊರಗೆ. ಆ ತಿಂಗಳ ಕಥೆಗೆ ರಕ್ಕಸಿ ಬೇಕಾಗಿತ್ತು. ಚಿತ್ರಗಾರ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ನೆಲ ಒರೆಸುತ್ತಿದ್ದ ಅಕ್ಕನನ್ನು ನೋಡಿ ನೋಡಿ ಬರೆದಿದ್ದ. “ಹಲ್ಲು ಬಿಡೇ” ಎಂದಿದ್ದ. ತಮಾಷೆಗಿರಬೇಕೆಂದು ಅವಳು ಬಿಟ್ಟಿದ್ದಳು.

ಕಸದ ಬುಟ್ಟಿ ಎತ್ತಲು ಬಂದವಳು ಹಾಳೆ ನೋಡಿದಳು. ಅವಳಿಗೆ ಓದು ಬಾರದು, ಚಿತ್ರ ಕಾಣುತ್ತದಲ್ಲ.

“ಇದು ನಾನೇನೋ?”

ನಾನು ಹಾಳೆ ಮಗುಚಿ ಹಾಕಿದೆ.

“ಅಂಗಡೀಲೆಲ್ಲ ನೇತು ಹಾಕ್ತಾರಾ?”

“ಹಾಕ್ತಾರಕ್ಕ.”

“ಬೀದಿ ಹುಡುಗ್ರು ಈಗ್ಲೇ ನನ್ನ ಬಿಡಲ್ಲ ಕಣೋ. ಇನ್ನು ಕೈಗೆ ಕಲ್ಲೂ ಬರುತ್ತೆ” ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಕಚೇರಿಯ ಧಣಿಯ ಬಾಗಿಲಲ್ಲಿ ನಿಂತು ಕೇಳಿದೆ. “ಸ್ವಾಮಿ, ಮುಖ ಒಂಚೂರು ಬದ್ಲಾಯ್ಸೋಕೆ ಹೇಳಿ. ಅದು ನಮ್ಮಕ್ಕ.”

“ಮತ್ತೇನು, ರಾಣಿ ಮಾಡ್ಬೇಕಿತ್ತಾ ಆ ಹಲ್ಲುಬ್ಬೀನ? ಬಿಟ್ಟಿ ಪ್ರಚಾರ ಸಿಕ್ತಿದೆ, ಮುಚ್ಕೊಂಡಿರು. ಗೆರೆ ಮೇಲೆ ಗೆರೆ ಎಳೆಯೋ ನಾಯಿಗೆ ಇಷ್ಟು ಬಾಯಿ. ಸಂಜೆ ಒಳಗೆ ಅಚ್ಚಿಗೆ ಹೋಗ್ಲಿಲ್ಲ ಅಂದ್ರೆ ಅಕ್ಕ ತಮ್ಮ ಇಬ್ರನ್ನೂ ಒದ್ದು ಓಡಿಸ್ತೀನಿ.”

“ಆಗ್ಲಿ ಸ್ವಾಮಿ” ಎಂದು ಬಂದೆ.

ಕೂತು ಎಳೆದೆ. ರಾಜಕುಮಾರನ ಒಂದೊಂದು ಕೂದಲು, ಕತ್ತಿಯ ಹೊಳಪು, ಓಡುವ ಜನರ ಕಾಲಡಿಯ ಧೂಳು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಎಳೆದಿರಲಿಲ್ಲ. ರಕ್ಕಸಿ ಇದ್ದ ಕಡೆ ಮಾತ್ರ ಕುಂಚ ಮುಟ್ಟಲಿಲ್ಲ. ಒಣಗಿದ ಮೇಲೆ ರಬ್ಬರು ತೆಗೆದುಕೊಂಡು ಹದಿನಾರು ಪುಟವನ್ನೂ ಉಜ್ಜಿದೆ. ಕಟ್ಟು ಕಟ್ಟಿ ನಾನೇ ಅಚ್ಚಿನ ಮನೆಗೆ ಕೊಟ್ಟು ಬಂದೆ. ಅಲ್ಲಿಯವರು ಕೊಟ್ಟದ್ದನ್ನು ಒತ್ತುವವರು, ಕೇಳುವವರಲ್ಲ.

ಪುಸ್ತಕ ಅಂಗಡಿ ಸೇರಿದ ಮೇಲೆ ಧಣಿ ಬಿಡಿಸಿ ನೋಡಿದ. ರಾಜಕುಮಾರ ಹಲ್ಲು ಕಚ್ಚಿ ಬರೀ ಬಿಳಿ ಹಾಳೆಗೆ ಕತ್ತಿ ಬೀಸುತ್ತಿದ್ದ. ಊರಿಗೆ ಊರೇ ಏನೂ ಇಲ್ಲದ್ದಕ್ಕೆ ಹೆದರಿ ಓಡುತ್ತಿತ್ತು. ಚಿತ್ರಗಾರ ನನ್ನ ಮಸಿಕುಡಿಕೆಯನ್ನೇ ನನ್ನ ತಲೆಗೆ ಎಸೆದ. ಧಣಿ ನನ್ನನ್ನೂ ಅಕ್ಕನನ್ನೂ ಕತ್ತು ಹಿಡಿದು ಬೀದಿಗೆ ತಳ್ಳಿದ.

ಬೀದಿ ತಿರುವಿನ ಅಂಗಡಿಯಲ್ಲಿ ಪುಸ್ತಕ ನೇತಾಡುತ್ತಿತ್ತು. ಅಕ್ಕ ಕೈ ಚಾಚಿ ಎಳೆದುಕೊಂಡಳು. ಬೆರಳಿಗೆ ಉಗುಳು ಹಚ್ಚಿ ಒಂದೊಂದೇ ಪುಟ ತಿರುವತೊಡಗಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ.

“ಏಯ್, ಕೊಳ್ಳೋ ಮುಖಾನಾ ಅದು? ಇಡೇ ಕೆಳಗೆ” ಎಂದು ಅಂಗಡಿಯವನು ಎದ್ದು ಬಂದು ಪುಸ್ತಕದ ಆಚೆ ತುದಿ ಹಿಡಿದು ಜಗ್ಗಿದ.

ಅಕ್ಕ ಈಚೆ ತುದಿ ಬಿಡಲಿಲ್ಲ. ಇನ್ನೂ ನಾಲ್ಕು ಪುಟ ನೋಡುವುದು ಬಾಕಿ ಇತ್ತು.