ಊಟದ ಮನೆಯ ಕ್ಯಾಮೆರಾ

ಅಕ್ಷಯಾಳದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಸಣ್ಣ ಸ್ಟುಡಿಯೋ. ಮದುವೆಗಳನ್ನು ಲೈವ್ ಮಾಡಿಕೊಡುವುದು ಅವಳ ಕೆಲಸ. ಒಂದು ಕ್ಯಾಮೆರಾ ವೇದಿಕೆಯೆದುರು ಸ್ಟ್ಯಾಂಡಿನ ಮೇಲಿದ್ದರೆ ಇನ್ನೊಂದನ್ನು ಅವಳ ಜೊತೆಗಾರ ಸುನಿಲ್ ಹೆಗಲ ಮೇಲೆ ಹೊತ್ತು ಓಡಾಡುತ್ತಿದ್ದ. ಎರಡರ ಚಿತ್ರವೂ ಅವಳ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಅದರಲ್ಲಿ ಅವಳು ಆರಿಸಿದ್ದಷ್ಟೇ ವೇದಿಕೆಯ ಪಕ್ಕದ ದೊಡ್ಡ ಪರದೆಗೂ, ಮದುವೆಗೆ ಬರಲಾಗದ ನೆಂಟರ ಮೊಬೈಲಿಗೂ ಹೋಗುತ್ತಿತ್ತು. ರೆಕಾರ್ಡ್ ಆಗಿ ಉಳಿಯುತ್ತಿದ್ದದ್ದೂ ಅಷ್ಟೇ.

ಭದ್ರಾವತಿಯ ಆ ಮದುವೆಯಲ್ಲಿ ಮುಹೂರ್ತ ಮುಗಿದು ಮೊದಲ ಪಂಕ್ತಿ ಊಟ ನಡೆಯುತ್ತಿತ್ತು. ಸುನಿಲ್ ಊಟದ ಮನೆಯಲ್ಲಿದ್ದ. ಅವನ ಕ್ಯಾಮೆರಾದಲ್ಲಿ ಹಸಿರು ಸೀರೆಯ ವಯಸ್ಸಾದ ಹೆಂಗಸೊಬ್ಬರು ಹೋಳಿಗೆಗಳನ್ನು ಮಡಿಸಿ ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳುತ್ತಿದ್ದದ್ದು ಕಂಡಿತು. ಅಕ್ಷಯಾಳಿಗೆ ನಗು ತಡೆಯಲಾಗಲಿಲ್ಲ.

"ವೀಣಕ್ಕಾ, ಬೇಗ ಬನ್ನಿ, ಇಲ್ನೋಡಿ!"

ಮದುಮಗಳಿಗೆ ಮೇಕಪ್ ಮಾಡಲು ಬಂದಿದ್ದ ವೀಣಾ ಬಗ್ಗಿ ನೋಡಿದಳು. "ಅಯ್ಯೋ, ಎಷ್ಟು ತುಂಬ್ಕೋತಾರೆ ಮಾರಾಯ್ತಿ! ಸ್ವಲ್ಪ ದೊಡ್ಡದು ಮಾಡು."

ಅಕ್ಷಯಾ ಆ ಚಿತ್ರದ ಮೇಲೆ ಒತ್ತಿದಳು. ಚಿತ್ರ ದೊಡ್ಡದಾಯಿತು. ಆದರೆ ದೊಡ್ಡದಾದದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರವಲ್ಲ ಎಂದು ಅವಳಿಗೆ ತಿಳಿದದ್ದು ಛತ್ರದ ತುಂಬ ನಗು ಎದ್ದಾಗಲೇ. ಗಾಬರಿಯಲ್ಲಿ ಬೆರಳು ಎಲ್ಲೆಲ್ಲೋ ಓಡಿತು. ಪರದೆಯ ಮೇಲೆ ಮದುಮಕ್ಕಳು ಮತ್ತೆ ಬರುವಷ್ಟರಲ್ಲಿ ನೋಡಬೇಕಾದವರೆಲ್ಲ ನೋಡಿಯಾಗಿತ್ತು.

ಆ ಹೆಂಗಸು ಮದುಮಗನ ದೊಡ್ಡಮ್ಮ, ದುರ್ಗಮ್ಮ. ಕೈ ತೊಳೆದು ಒಳಗೆ ಬಂದವರಿಗೆ ನೆಂಟರ ಹುಡುಗಿಯೊಬ್ಬಳು, "ದೊಡ್ಡಮ್ಮ, ನಿಮ್ಮ ಹೋಳಿಗೆ ಟಿವೀಲಿ ಬಂತು!" ಎಂದು ಕೂಗಿದಳು. ಅವರಿಗೆ ಮೊದಲು ಅರ್ಥವಾಗಲಿಲ್ಲ. ಯಾರೋ ಬಿಡಿಸಿ ಹೇಳಿದರು. ದುರ್ಗಮ್ಮ ಚೀಲದಿಂದ ಕವರನ್ನು ತೆಗೆದು ಕುರ್ಚಿಯ ಮೇಲಿಟ್ಟರು. ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದರು.

ಅಕ್ಷಯಾ ಆಗಲೇ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಮೇಜಿನ ಕೆಳಗೆ ಬಗ್ಗಿ, ಸರಿಯಾಗಿಯೇ ಇದ್ದ ವೈರನ್ನು ಸರಿಮಾಡುತ್ತ ಕೂತಳು. ಸುನಿಲ್ ಬಂದು, "ಅದ್ಯಾಕೆ ಹಾಕ್ದೆ?" ಎಂದು ಕೇಳಿದ.

"ಕೈ ತಪ್ತು ಕಣೋ," ಎಂದಳು. ಮೊದಲು ನಕ್ಕವಳು ತಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಕೆಲಸ ಮುಗಿದ ಮೇಲೆ ಸುನಿಲನನ್ನು ಸಾಮಾನಿನ ಜೊತೆ ಶಿವಮೊಗ್ಗಕ್ಕೆ ಕಳಿಸಿ, ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಆ ಕವರನ್ನು ಹಿಡಿದು, ವಿಳಾಸ ಕೇಳಿಕೊಂಡು ಹೊರಟಳು. ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಸಾಲಿನಲ್ಲಿತ್ತು ಆ ಮನೆ. ಒಳಗೆ ದುರ್ಗಮ್ಮನ ಗಂಡ ಕಲ್ಲಪ್ಪ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಲಕ್ವ ಹೊಡೆದು ಬಲಗೈ ಸ್ವಾಧೀನದಲ್ಲಿರಲಿಲ್ಲ. ಎಡಗೈಯ ಪಕ್ಕ ಮೊಬೈಲ್ ಇತ್ತು. ಇವರೂ ನೋಡಿದ್ದಾರೆ ಎಂದು ಅಕ್ಷಯಾಳಿಗೆ ಗೊತ್ತಾಗಿಹೋಯಿತು.

"ಅಮ್ಮಾ, ಲೈವ್ ಮಾಡಿದ್ದು ನಾನು. ತಪ್ಪಾಯ್ತು. ನಾನು ನೋಡಿ ನಕ್ಕೆ, ಅದಕ್ಕೇ ಹಾಗಾಯ್ತು."

ದುರ್ಗಮ್ಮ ಕವರನ್ನು ಮುಟ್ಟಲಿಲ್ಲ. "ಇವ್ರಿಗೆ ಅಂತ ಅಡುಗೆ ಭಟ್ಟರನ್ನ ಕೇಳಿದ್ದೆ ಕಣಮ್ಮ. ತಗೊಂಡೋಗಿ, ಇನ್ನೆರಡು ಹಾಕ್ಕೊಳಿ ಅಂತ ಅವರೇ ಕೊಟ್ರು. ನಾನು ಕೇಳಿದ್ದು ನಿನ್ನ ಕ್ಯಾಮೆರಾದಲ್ಲಿ ಬರ್ಲಿಲ್ಲ ಅಲ್ವಾ?"

ಅಕ್ಷಯಾ ತಲೆ ತಗ್ಗಿಸಿದಳು. "ಅದನ್ನ ತೆಗೆದು ಹಾಕ್ತೀನಿ ಅಮ್ಮ. ಯಾರಿಗೂ ಕಾಣಲ್ಲ."

"ಜನ ನಕ್ಕಿದ್ದನ್ನೂ ತೆಗೀತೀಯಾ?"

ಅಷ್ಟರಲ್ಲಿ ಕಲ್ಲಪ್ಪ ತೊದಲುತ್ತ, "ಬಿಡೇ ಮಾರಾಯ್ತಿ, ಮನೆಗೆ ಬಂದಿದಾಳೆ," ಎಂದರು. ಆಮೇಲೆ ಅಕ್ಷಯಾಳ ಕಡೆ ತಿರುಗಿ, "ಇವಳು ಅಕ್ಷತೆ ಹಾಕಿದ್ದು ತೋರಿಸಮ್ಮ. ಆವಾಗ ನೆಟ್ ಹೋಗಿತ್ತು, ನೋಡಕ್ಕಾಗ್ಲಿಲ್ಲ. ಆ ಸೀರೆ ನಾನೇ ಹೇಳಿ ಉಡಿಸಿದ್ದು," ಎಂದರು.

ಇದೊಂದನ್ನಾದರೂ ಮಾಡಬಲ್ಲೆನಲ್ಲ ಎಂದು ಅಕ್ಷಯಾ ಮಂಚದ ಮೇಲೆಯೇ ಲ್ಯಾಪ್‌ಟಾಪ್ ಬಿಚ್ಚಿದಳು. ಮುಹೂರ್ತದ ಹೊತ್ತು ಬಂತು. ವಾಲಗ ಜೋರಾಯಿತು, ಜನ ಎದ್ದು ನಿಂತರು. ಅಕ್ಷತೆ ಹಾರುವಷ್ಟರಲ್ಲಿ ಚಿತ್ರ ಬದಲಾಗಿ, ಬಾಗಿಲಲ್ಲಿ ಕಾರಿನಿಂದಿಳಿಯುತ್ತಿದ್ದ ಯಾರೋ ದೊಡ್ಡ ಮನುಷ್ಯರು ಕಾಣಿಸಿಕೊಂಡರು. ಬದಲಿಸಿದ್ದು ಅವಳೇ. ಮತ್ತೆ ವೇದಿಕೆ ಬಂದಾಗ ದುರ್ಗಮ್ಮ ಅಲ್ಲಿರಲಿಲ್ಲ. ಧಾರೆಯಲ್ಲಿ ಹುಡುಕಿದಳು, ಆರತಿಯಲ್ಲಿ ಹುಡುಕಿದಳು. ಹಸಿರು ಸೆರಗಿನ ತುದಿ ಒಮ್ಮೆ ಮಿಂಚಿ ಹೋಯಿತು, ಮುಖವಿಲ್ಲ.

ಕಲ್ಲಪ್ಪ ಕಣ್ಣು ಪಿಳುಕಿಸದೆ ಕಾಯುತ್ತಿದ್ದರು. ದುರ್ಗಮ್ಮನೂ ಬಂದು ಹಿಂದೆ ನಿಂತಿದ್ದರು.

"ಇಲ್ಲ ಅಪ್ಪಾಜಿ," ಎಂದಳು ಅಕ್ಷಯಾ. ಇಡೀ ಮದುವೆಯಲ್ಲಿ ದುರ್ಗಮ್ಮನ ಮುಖ ಇದ್ದದ್ದು ಹೋಳಿಗೆ ಮಡಿಸುವಲ್ಲಿ ಮಾತ್ರ.

ದುರ್ಗಮ್ಮನಿಗೂ ಅದು ಹೊಳೆಯಿತು. "ಆದ್ರೂ ತೆಗೆದುಬಿಡಮ್ಮ," ಎಂದರು. "ನಾನು ಬಂದೇ ಇರ್ಲಿಲ್ಲ ಅಂತಾದ್ರೂ ಆಗ್ಲಿ."

ಅವರೆದುರೇ ಅಕ್ಷಯಾ ಆ ಭಾಗವನ್ನು ಕತ್ತರಿಸಿದಳು. ಅದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಹೊರಡುವಾಗ ದುರ್ಗಮ್ಮ ಬಾಗಿಲವರೆಗೆ ಬಂದು, "ಬಸ್ ಸಿಗುತ್ತೆ, ಹುಷಾರಾಗಿ ಹೋಗು," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಕ್ಷಯಾಳಿಗೆ. ತಲೆಯಾಡಿಸಿದಳೇ ಹೊರತು ಅವರ ಮುಖ ನೋಡಲಾಗಲಿಲ್ಲ.